ಎದುರು ಮಾತಾಡದ ಸೊಸೆ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಮುಗಿಯುತ್ತಿದ್ದಂತೆ ಜಗಳ ಶುರುವಾಗುತ್ತಿತ್ತು. ಜಗಳವೆಂದರೆ ಪಾತ್ರೆ ಎಸೆದು, ಮಾತು ಬಿಟ್ಟು, ಮೂಲೆ ಸೇರುವಂಥದ್ದಲ್ಲ. ನಮ್ಮತ್ತೆ ಒಂದು ಹೇಳುವರು, ನಾನು ಅದಕ್ಕೊಂದು ಹೇಳುವೆ, ಅವರು ಅದರ ಮೇಲೆ ಇನ್ನೊಂದು ಸೇರಿಸುವರು. ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ, ಕಾಯಿಯನ್ನು ನುಣ್ಣಗೆ ರುಬ್ಬಬೇಕೋ ತರಿ ಬಿಡಬೇಕೋ, ಬಚ್ಚಲ ಒಲೆಗೆ ಮೊದಲು ಗರಿ ಹಾಕಬೇಕೋ ಚಿಪ್ಪು ಹಾಕಬೇಕೋ, ಇಂಥವೇ ಸಂಗತಿಗಳು. ನಾನು ಶೆಟ್ಟಿಕೆರೆ ಕಡೆಯಿಂದ ಬಂದವಳು. ನೊಣವಿನಕೆರೆಗೆ ಹತ್ತಿರದ ಈ ಊರಿಗೂ ನನ್ನ ತೌರಿಗೂ ಅಂಥ ದೂರವೇನಿಲ್ಲ. ಅಲ್ಲೂ ತೆಂಗೇ, ಇಲ್ಲೂ ತೆಂಗೇ. ಆದರೂ ಅತ್ತೆಯ ಪಾಲಿಗೆ ನಾನು ಬೇರೆ ಸೀಮೆಯವಳು. "ನಿಮ್ಮ ಕಡೆಯೋರು" ಎಂದು ಅವರು ಮಾತು ತೆಗೆದರೆ ಸಾಕು, ನನ್ನ ಯಜಮಾನರು ಹೆಗಲಿಗೆ ಟವೆಲ್ ಹಾಕಿಕೊಂಡು ತೋಟದ ದಾರಿ ಹಿಡಿಯುತ್ತಿದ್ದರು. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಮಾತ್ರ ಪುಸ್ತಕ ಮುಂದಿಟ್ಟುಕೊಂಡು, ತುಟಿಯಲ್ಲೇ ನಗುತ್ತ ಕೇಳಿಸಿಕೊಳ್ಳುತ್ತಿದ್ದಳು.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಇದ್ದೊಬ್ಬ ಮಗ, ಅಂದರೆ ನನ್ನ ಯಜಮಾನರು, ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವಂಥವರು. ಆ ಮನೆಗೆ ನಾನು ಬಂದ ಮೇಲೆಯೇ ಅತ್ತೆಗೆ ಮಾತಿಗೊಬ್ಬರು ಸಿಕ್ಕಿದ್ದು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರಿಕೊಳ್ಳುತ್ತ, ಬೆಳಿಗ್ಗೆ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಮುಂದುವರಿಸುತ್ತಿದ್ದೆವು. ಜ್ವರ ಬಂದು ನಾನು ಮಲಗಿದರೆ ಅವರೇ ಗಂಜಿ ಕಾಯಿಸಿ ತರುತ್ತಿದ್ದರು. ಗಂಜಿಗೆ ಉಪ್ಪು ಕಮ್ಮಿ ಎಂದು ನಾನು ಹೇಳಿದರೆ, "ಸದ್ಯ, ಬಾಯಿ ಬಂತಲ್ಲ, ಬದುಕ್ಕಂಡೆ ಬುಡು" ಎನ್ನುತ್ತಿದ್ದರು.

ಅಪಘಾತವಾದದ್ದು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ. ದಬ್ಬೇಘಟ್ಟದಲ್ಲಿ ನೆಂಟರ ಮನೆಯ ಹುಡುಗಿಯ ನಿಶ್ಚಿತಾರ್ಥಕ್ಕೆ ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ನಾಲ್ವರೂ ಹೋಗಿದ್ದೆವು. ಎಲೆಯ ಮೇಲೆ ಬಿಸಿ ಹೋಳಿಗೆ ಬಿದ್ದದ್ದು, ಅದಕ್ಕೆ ಕಾಯಿಹಾಲು ಹಾಕುವ ಹುಡುಗಿ ನನ್ನ ಸೀರೆಯ ಬಣ್ಣ ಚೆನ್ನಾಗಿದೆ ಅಂದದ್ದು ಚೆನ್ನಾಗಿ ನೆನಪಿದೆ. ಅದರಾಚೆಗೆ ನನಗೆ ಏನೂ ಇಲ್ಲ. ಮುಂದೆ ನೆನಪಾಗುವುದು ಆಸ್ಪತ್ರೆಯಲ್ಲಿ ನನ್ನ ಎಡಗೈ ಮಣಿಕಟ್ಟಿಗೆ ಒದ್ದೆ ಬ್ಯಾಂಡೇಜು ಸುತ್ತುತ್ತಿದ್ದದ್ದು. ನಡುವಿನದನ್ನೆಲ್ಲ ಉಳಿದವರು ಹೇಳಿ ನಾನು ಕೇಳಿದ್ದು.

ವಾಪಸು ಬರುವಾಗ ಯಜಮಾನರು ಡ್ರೈವರ್ ಪಕ್ಕದಲ್ಲಿದ್ದರಂತೆ. ಹಿಂದಿನ ಸೀಟಿನಲ್ಲಿ ಎಡಗಡೆ ಕಿಟಕಿಗೆ ನಾನು, ನಡುವೆ ಅತ್ತೆ, ಆ ಕಡೆ ಮಗಳು. ತೋಟದೊಳಗಿಂದ ತೆಂಗಿನ ಗರಿ ತುಂಬಿದ ಗಾಡಿಯೊಂದು ಇದ್ದಕ್ಕಿದ್ದಂತೆ ರಸ್ತೆಗೆ ಬಂತು. ಎತ್ತುಗಳನ್ನು ತಪ್ಪಿಸಲು ಡ್ರೈವರ್ ಕಾರನ್ನು ಎಡಕ್ಕೆಳೆದ. ಕಾರು ಓರೆಯಾಗಿ ಹೋಗಿ ರಸ್ತೆ ಬದಿಯ ಹುಣಸೆಮರಕ್ಕೆ ಗುದ್ದಿತು. ನನ್ನ ತಲೆ ಬಾಗಿಲಿನ ಕಂಬಿಗೆ ಬಡಿದ ಸದ್ದು ಅತ್ತೆಗೆ ಕೇಳಿಸಿತಂತೆ. ಆದರೆ ಅಷ್ಟರಲ್ಲಿ ಮಗಳ ತುಟಿ ಸೀಳಿ ರಕ್ತ ಸುರಿಯತೊಡಗಿ ಎಲ್ಲರ ಗಮನ ಅವಳ ಕಡೆ ಹೋಯಿತು. ನನ್ನ ತಲೆಯಲ್ಲಿ ಒಂದು ಹನಿ ರಕ್ತವಿಲ್ಲ, ಒಂದು ಗೀರೂ ಇಲ್ಲ. ನಾನೇ ಬಾಗಿಲು ತೆಗೆದು ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, "ತಾಂಬೂಲದ ಚೀಲ ಎಲ್ಲಿ?" ಎಂದು ಕೇಳಿದೆನಂತೆ. ಚೀಲ ನನ್ನ ಕೈಯಲ್ಲೇ ಇತ್ತು.

ಹಿಂದಿನಿಂದ ಬಂದ ವ್ಯಾನಿನವರು ನಮ್ಮನ್ನು ತಿಪಟೂರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಅದೇ ಮಾತು ಕೇಳುತ್ತಿದ್ದೆನಂತೆ. ಕೈಯಲ್ಲೈತೆ ನೋಡು ಎಂದರೆ, ಹೌದಲ್ಲ ಎಂದು ಸುಮ್ಮನಾಗಿ, ಸ್ವಲ್ಪ ಹೊತ್ತಿಗೆ ಮತ್ತೆ "ತಾಂಬೂಲದ ಚೀಲ ಎಲ್ಲಿ?" ಅಷ್ಟು ಗಾಬರಿಯಲ್ಲೂ ವ್ಯಾನಿನವರು ನಕ್ಕರಂತೆ. ದಾರಿಯಲ್ಲಿ ಒಮ್ಮೆ ವಾಂತಿಯಾಯಿತು. ಹೋಳಿಗೆ ಜಾಸ್ತಿಯಾಗಿರಬೇಕು ಅಂದುಕೊಂಡರು. ಆಸ್ಪತ್ರೆಯಲ್ಲಿ ಮಗಳ ತುಟಿಗೆ ಹೊಲಿಗೆ ಹಾಕಿದರು, ನನ್ನ ಕೈಗೆ ಪಟ್ಟಿ ಹಾಕಿದರು, ಅತ್ತೆಯ ಮೊಣಕಾಲಿಗೆ ಮುಲಾಮು ಕೊಟ್ಟರು. ಡಾಕ್ಟರು ನನ್ನ ಹೆಸರು, ಊರು ಕೇಳಿದರಂತೆ. ಸರಿಯಾಗಿಯೇ ಹೇಳಿದೆನಂತೆ. ತಲೆ ಬಡಿದ ಮಾತನ್ನು ನಮ್ಮವರು ಯಾರೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಅದೇ ಮಾತು ಮತ್ತೆ ಮತ್ತೆ ಕೇಳಿದ್ದನ್ನೂ ವಾಂತಿಯನ್ನೂ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನೋಡುವುದಕ್ಕೆ ನಾಲ್ವರಲ್ಲಿ ನಾನೇ ಗಟ್ಟಿಯಾಗಿದ್ದೆ.

ಮನೆಗೆ ಬಂದೆವು. ನೋಡಿಕೊಂಡು ಹೋಗಲು ಬಂದವರೆಲ್ಲ "ದೇವರು ದೊಡ್ಡವನು" ಎಂದರು. ಮಗಳ ತುಟಿಯ ಗಾಯ ಮಾಯಿತು. ನನ್ನ ಕೈಯ ಪಟ್ಟಿ ತೆಗೆದರು. ಕಾರಿನ ಮಾತು ಹಳತಾಯಿತು.

ಆ ದಿನಗಳಲ್ಲಿ ನನಗೆ ಹೇಗಿತ್ತು ಎಂದು ಆಮೇಲೆ ತುಂಬ ಜನ ಕೇಳಿದ್ದಾರೆ. ಹೇಳುವುದು ಕಷ್ಟ. ನೋವಿತ್ತೇ ಎಂದರೆ, ಮಧ್ಯಾಹ್ನದ ಹೊತ್ತಿಗೆ ಹಣೆಯ ಹಿಂದೆ ಭಾರವಾಗುತ್ತಿತ್ತು. ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ತೋಟದಲ್ಲಿ ತಲೆಯೆತ್ತಿ ಗೊನೆ ನೋಡಿದರೆ ನೆಲ ಓಲಾಡುತ್ತಿತ್ತು. ಅದೆಲ್ಲ ಸುಸ್ತು ಎಂದುಕೊಂಡೆ. ಒಲೆಯ ಮುಂದೆ ಸಾಸಿವೆ ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದೆ. ಮಗಳಿಗೆ ಸೌಟು ಕೊಡು ಎನ್ನಲು ಹೋಗಿ ಬೀಗ ಕೊಡು ಎಂದೆ. ಅವಳು ಬೀಗ ತಂದು ಕೊಟ್ಟಳು, ನಾನು ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತೆ. ವಾರಪತ್ರಿಕೆಯ ಧಾರಾವಾಹಿ ಎಂದರೆ ಪ್ರಾಣ ಬಿಡುತ್ತಿದ್ದವಳು ನಾನು. ಈಗ ಸಾಲಿನ ಕೊನೆಗೆ ಬರುವ ಹೊತ್ತಿಗೆ ಮೊದಲು ಮರೆತಿರುತ್ತಿತ್ತು. ಪತ್ರಿಕೆ ಮಡಿಸಿ ಇಡುತ್ತಿದ್ದೆ. ಅದಕ್ಕಾಗಿ ದುಃಖವೂ ಆಗುತ್ತಿರಲಿಲ್ಲ. ಅದೇ ವಿಚಿತ್ರ. ಯಾವುದಕ್ಕೂ ದುಃಖವಾಗುತ್ತಿರಲಿಲ್ಲ, ಯಾವುದಕ್ಕೂ ಸಿಟ್ಟು ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಹೇಳಿದರೆ ಅದು ಪಕ್ಕದ ಮನೆಯ ಗೋಡೆಯಾಚೆ ನಡೆದ ಮಾತಿನಂತಿರುತ್ತಿತ್ತು. ಹೂಂ ಎಂದರೆ ಮುಗಿಯಿತು. ನನಗೆ ಕಾಯಿಲೆಯೆಂದು ನನಗೇ ಅನ್ನಿಸಲಿಲ್ಲ.

ಊರವರಿಗೂ ಅನ್ನಿಸಲಿಲ್ಲ. ಅವರಿಗೆ ನಾನು ಒಳ್ಳೆಯವಳಾಗಿದ್ದೆ. "ಗಂಡಾಂತರ ದಾಟಿ ಬಂದೋಳು ಕಣ್ರೀ, ಎಂಥಾ ತಾಳ್ಮೆ ಬಂದೈತೆ ನೋಡಿ" ಎಂದು ಎದುರುಮನೆಯಾಕೆ ಹೇಳಿದಳಂತೆ. ಯಜಮಾನರಿಗೂ ಮನೆ ತಣ್ಣಗಿರುವುದು ಹಿತವಾಗಿತ್ತು. ಬೆಳಿಗ್ಗೆ ಕಾಫಿಯಾದ ಮೇಲೂ ಕೂತಲ್ಲೇ ಕೂತು ಪೇಪರ್ ಓದುತ್ತಿದ್ದರು. ಟವೆಲ್ ಗೂಟದಲ್ಲೇ ಇರುತ್ತಿತ್ತು.

ಅತ್ತೆ ಒಬ್ಬರಿಗೆ ಮಾತ್ರ ಸಮಾಧಾನವಿರಲಿಲ್ಲ.

ಮೊದಲು ಅವರು ನಾನು ಮುನಿಸಿಕೊಂಡಿದ್ದೇನೆ ಎಂದುಕೊಂಡರಂತೆ. ಕಾರಿನಲ್ಲಿ ಕಿಟಕಿಯ ಕಡೆ ಕೂರು ಎಂದು ನನಗೆ ಹೇಳಿದ್ದು ಅವರೇ. ಅದಕ್ಕೇ ಇವಳಿಗೆ ಸಿಟ್ಟು ಎಂದುಕೊಂಡು, ಮೆಲ್ಲಗೆ ಬಾಯಿ ಬಿಡಿಸಲು ನೋಡಿದರು. ಒಂದು ದಿನ ನಾನು ಮಾಡಿದ ಬೇಳೆಸಾರಿಗೆ, ನನ್ನ ಕಣ್ಣೆದುರಿಗೇ, ಒಂದು ದೊಡ್ಡ ಹಿಡಿ ಬೆಲ್ಲ ಹಾಕಿದರು. ಸಾರಿಗೆ ಬೆಲ್ಲ ಎಂದರೆ ನಾನು ಮೈಮೇಲೆ ಬಂದವಳಂತೆ ಆಡುತ್ತಿದ್ದವಳು. ಅವತ್ತು ಸೌಟು ತಗೊಂಡು ಕಲಸಿ, ಒಲೆಯಿಂದ ಇಳಿಸಿ, ಬಡಿಸಿದೆ. ಪಾಯಸದಂಥ ಸಾರನ್ನು ಯಜಮಾನರೂ ಮಗಳೂ ಮುಖಮುಖ ನೋಡಿಕೊಳ್ಳುತ್ತ ಉಂಡರು. ನಾನು ಎರಡನೇ ಸಲ ಹಾಕಿಕೊಂಡೆ.

ಮಾರನೆಯ ದಿನ ಅತ್ತೆ ತಮ್ಮ ಕೊನೆಯ ಅಸ್ತ್ರವನ್ನೇ ತೆಗೆದರು. ನಾನು ತುರಿಮಣೆಯ ಮುಂದೆ ಕೂತು ಕಾಯಿ ತುರಿಯುತ್ತಿದ್ದೆ. ಅವರು ಎದುರಿಗೆ ಬಂದು ಕೂತು, ನನ್ನ ಮುಖವನ್ನೇ ನೋಡುತ್ತ, "ನಿಮ್ಮ ತೌರಿನೋರು ಸಾರಿಗೆ ಕಾಯಿ ಹಾಕಲ್ಲ ಕಣೇ. ಸಾರಿಗೆ ಕಾಯಿ ತೋರ್ಸಿ ವಾಪಸ್ ಮಡಿಕ್ಕತ್ತಾರೆ" ಎಂದರು.

ಈ ಮಾತಿಗೆ ನಮ್ಮ ಮನೆಯಲ್ಲಿ ಒಂದು ಚರಿತ್ರೆಯೇ ಇತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅವರು ಒಮ್ಮೆ ಇದನ್ನು ಅಂದಾಗ ನಾನು ಅಳುತ್ತ ಬಟ್ಟೆ ಗಂಟು ಕಟ್ಟಿದ್ದೆ. ಆಮೇಲೆ ವರ್ಷಕ್ಕೊಮ್ಮೆ ಅವರು ಅದನ್ನು ಎತ್ತುವುದು, ನಾನು ಅವರ ತೌರಿನ ಮೂರು ತಲೆಮಾರಿನ ಜಿಪುಣತನವನ್ನು ತೆಗೆದು ಗುಡ್ಡೆ ಹಾಕುವುದು ನಡೆದೇ ಇತ್ತು.

ಅವತ್ತು ನಾನು ತುರಿಯುವುದನ್ನು ನಿಲ್ಲಿಸಲಿಲ್ಲ. "ಹೂಂ ಅತ್ತೆ" ಎಂದೆ.

ಅತ್ತೆ ಎದ್ದು ಹಿತ್ತಲಿಗೆ ಹೋದರು. ಕಾಯಿ ಸಿಪ್ಪೆಯ ರಾಶಿಯ ಪಕ್ಕದ ಕಲ್ಲಿನ ಮೇಲೆ ಅಜ್ಜಿ ಒಬ್ಬಳೇ ಕೂತು ಸೆರಗು ಬಾಯಿಗೆ ಅಡ್ಡ ಹಿಡಿದು ಅಳುತ್ತಿದ್ದಳು ಎಂದು ಮಗಳು ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು.

ಇನ್ನೊಂದು ಸಂಗತಿ ಆ ವಾರವೇ ನಡೆಯಿತು. ಅಡುಗೆಗೆಂದು ನಾನು ಒಡೆದ ಕಾಯಿ ಕೆಟ್ಟುಹೋಗಿತ್ತು. ಕೆಟ್ಟ ಕಾಯಿಯ ನಾತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೀದಿಯ ಕೊನೆಗೂ ಗೊತ್ತಾಗುತ್ತದೆ. ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಮೂಗು ಮುಚ್ಚಿಕೊಂಡು, "ಯಾವ್ದೇ ಅದು, ಆಚೆ ಬಿಸಾಕು" ಎಂದು ಕೂಗಿದರು. ನಾನು ಏನನ್ನು ಎಂದು ಕೇಳಿದೆ. ಅವರು ಒಳಗೆ ಬಂದು ನೋಡಿದರೆ, ಬೂದುಬಣ್ಣಕ್ಕೆ ತಿರುಗಿದ ಆ ಹೋಳನ್ನು ನಾನು ತುರಿಮಣೆಗೆ ಒತ್ತಿ ತುರಿಯುತ್ತಿದ್ದೆ. ಅರ್ಧ ಬಟ್ಟಲು ತುರಿದೂ ಆಗಿತ್ತು.

ಅತ್ತೆ ಬೈಯಲಿಲ್ಲ. ನನ್ನ ಕೈಯಿಂದ ಹೋಳನ್ನು ಬಿಡಿಸಿಕೊಂಡು, ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದರು.

"ಏನಾದ್ರೂ ವಾಸ್ನೆ ಬತ್ತೈತಾ?"

"ಇಲ್ಲವಲ್ಲ."

ಅವರು ಇಂಗಿನ ಡಬ್ಬಿ ತಂದು ತೆರೆದು ಹಿಡಿದರು. ಆಮೇಲೆ ಮಲ್ಲಿಗೆ ಮಾಲೆ. ಆಮೇಲೆ ಸೀಮೆಎಣ್ಣೆಯ ಬುಡ್ಡಿ. ಪ್ರತಿಯೊಂದಕ್ಕೂ ನಾನು ಇಲ್ಲ, ಇಲ್ಲ ಎನ್ನುತ್ತ ಹೋದೆ. ಹೇಳುತ್ತಿದ್ದಂತೆ ನನಗೂ ಮೊದಲ ಬಾರಿಗೆ ಒಳಗೆಲ್ಲೋ ಸಣ್ಣಗೆ ಹೆದರಿಕೆಯಾಯಿತು. ಎಷ್ಟು ದಿನದಿಂದ ಹೀಗೆ? ನನಗೆ ತಿಳಿಯದು. ಬಾಯಿಗೆ ಹಾಕಿದ್ದೆಲ್ಲ ಬರೀ ಉಪ್ಪೋ ಸಿಹಿಯೋ ಆಗಿತ್ತೇ ಹೊರತು ಅದಕ್ಕೊಂದು ಹೆಸರಿರಲಿಲ್ಲ. ಅದನ್ನೂ ನಾನು ಗಮನಿಸಿರಲಿಲ್ಲ. ಅತ್ತೆ ಎಲ್ಲ ಕೆಳಗಿಟ್ಟು, ನನ್ನ ತಲೆಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಹಣೆಯ ಮೇಲೆ, ಕಿವಿಯ ಹಿಂದೆ, ನೆತ್ತಿಯ ಮೇಲೆ ಬೆರಳಾಡಿಸಿ ಹುಡುಕಿದರು. ಎಲ್ಲೂ ಏನೂ ಸಿಗಲಿಲ್ಲ.

ಯಜಮಾನರು ತೋಟದಿಂದ ಬಂದಾಗ ಕಾಲು ತೊಳೆಯುವುದಕ್ಕೂ ಬಿಡದೆ ಅತ್ತೆ ಹೇಳಿದರು: "ಇವಳನ್ನ ಡಾಕ್ಟ್ರಿಗೆ ತೋರ್ಸಬೇಕು ಕಣ್ಲಾ."

"ಯಾಕವ್ವಾ, ಏನಾಗೈತೆ? ಚೆನ್ನಾಗೇ ಅವ್ಳಲ್ಲ."

"ಚೆನ್ನಾಗಿಲ್ಲ. ಇವಳು ಎದುರು ಮಾತಾಡ್ತಿಲ್ಲ."

ಯಜಮಾನರಿಗೆ ನಗು ಬಂತು. "ಅಲ್ಲವ್ವಾ, ಇಷ್ಟು ವರ್ಷ ಎದುರು ಮಾತಾಡ್ತಾಳೆ ಅಂತ ನನ್ನ ತಲೆ ತಿಂದೆ. ಈಗ ಮಾತಾಡಲ್ಲ ಅಂತ ತಿಂತೀಯಾ? ತಾಳ್ಮೆ ಬಂದೈತೆ, ಇರ್ಲಿ ಬುಡು."

"ಅದು ತಾಳ್ಮೆ ಅಲ್ಲ ಕಣ್ಲಾ" ಎಂದರು ಅತ್ತೆ. "ತಾಳ್ಮೆ ಇರೋಳು ಹಲ್ಲು ಕಚ್ಕಂಡು ಸುಮ್ನಿರ್ತಾಳೆ. ಇವಳು ಹಲ್ಲು ಕಚ್ಲಿಲ್ಲ, ನಾನು ನೋಡ್ದೆ. ಅವಳ ತೌರನ್ನ ಅಂದೆ, ಕಣ್ಣಲ್ಲಿ ಒಂದು ಕಿಡಿ ಇಲ್ಲ. ಇವಳು ನನ್ನ ಸೊಸೆ ಅಲ್ಲ. ನನ್ನ ಸೊಸೆ ಆ ಕಾರಿಂದ ಇನ್ನೂ ಇಳಿದಿಲ್ಲ ಕಣ್ಲಾ ಮಗ."

ಇಷ್ಟೂ ಮಾತು ನಡೆಯುವಾಗ ನಾನು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದೆ. ಬೇರೆ ಯಾರ ಬಗ್ಗೆಯೋ ಮಾತಾಡುತ್ತಿದ್ದಾರೆ ಎಂಬಂತೆ ಕೇಳುತ್ತಿದ್ದೆ. ಯಜಮಾನರು ನನ್ನನ್ನು ತಿರುಗಿ ನೋಡಿದರು. ಎಷ್ಟೋ ದಿನದ ಮೇಲೆ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು. ಅವರ ಮುಖದ ನಗು ನಿಧಾನಕ್ಕೆ ಇಳಿಯಿತು.

ಮರುದಿನ ತಿಪಟೂರಿಗೆ ಹೋದೆವು. ಮೊದಲು ಪಟ್ಟಿ ಹಾಕಿದ್ದ ಆಸ್ಪತ್ರೆಗಲ್ಲ, ಮಗಳು ಹುಟ್ಟಿದಾಗಿನಿಂದ ನಮ್ಮ ಮನೆಯವರನ್ನು ನೋಡುತ್ತಿದ್ದ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ. ಅವರು ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಒಂದು ಗೆರೆಯ ಮೇಲೆ ನಡೆಸಿದರು, ನೂರರಿಂದ ಏಳೇಳು ಕಳೆಯುತ್ತ ಬಾ ಎಂದರು. ಲೆಕ್ಕದಲ್ಲಿ ನಾನು ಶಾಲೆಗೇ ಮೊದಲಿನವಳು. ತೊಂಬತ್ತಮೂರಾದ ಮೇಲೆ ನನಗೆ ಏನೂ ಬರಲಿಲ್ಲ. ಆಗ ಡಾಕ್ಟರು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಇವರು ಮೊದಲು ಹೇಗಿದ್ದರು, ಹೇಳಿ ತಾಯಿ."

ಅತ್ತೆ ಹೇಳಿದರು. ನಾನು ಹೇಗೆ ಬೆಳಿಗ್ಗೆ ಎದ್ದು ಹಾಡು ಗುನುಗುತ್ತಿದ್ದೆ, ಮಗಳ ಲೆಕ್ಕದ ತಪ್ಪನ್ನು ಒಲೆಯ ಮುಂದಿನಿಂದಲೇ ಹಿಡಿಯುತ್ತಿದ್ದೆ, ಕೊಬ್ಬರಿ ಕೊಳ್ಳಲು ಬಂದವರ ಜೊತೆ ಹೇಗೆ ಚೌಕಾಸಿ ಮಾಡುತ್ತಿದ್ದೆ, ತಮಗೆ ಹೇಗೆ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದೆ, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿಯಲ್ಲಿ ಒಂದು ಹೆಮ್ಮೆ ಬಂತು. ನನ್ನನ್ನು ಅವರು ಯಾರ ಮುಂದೆಯೂ ಹಾಗೆ ಹೊಗಳಿದ್ದಿಲ್ಲ. ಡಾಕ್ಟರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡು, ಅಪಘಾತದ ದಿನದ ಬಗ್ಗೆ ವಿಚಾರಿಸಿದರು. ಪ್ರಜ್ಞೆ ತಪ್ಪಿತ್ತೇ? ಕೇಳಿದ್ದನ್ನೇ ಕೇಳುತ್ತಿದ್ದರೇ? ವಾಂತಿ? ಯಜಮಾನರು ತಾಂಬೂಲದ ಚೀಲದ ಕತೆ ಹೇಳಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ ತಲೆ ತಗ್ಗಿಸಿದರು. ಅಲ್ಲಿಯವರೆಗೆ ಅದು ನೆಂಟರ ಮುಂದೆ ಹೇಳಿ ನಗುವ ಕತೆಯಾಗಿತ್ತು.

"ನಿಮ್ಮ ತಪ್ಪಿಲ್ಲ" ಎಂದರು ಡಾಕ್ಟರು. "ರಕ್ತ ಕಂಡರೆ ಎಲ್ಲರೂ ಓಡಿ ಬರ್ತಾರೆ. ಇದು ಕಾಣಿಸಲ್ಲ. ಬೆಂಗಳೂರಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ."

ಬೆಳಗಿನ ರೈಲಿನಲ್ಲಿ ಹೋದೆವು. ಗಾಡಿಯ ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಅತ್ತೆ ತಮ್ಮ ಸೆರಗನ್ನು ನನ್ನ ತಲೆಯ ಮೇಲೆ ಕಿವಿ ಮುಚ್ಚುವಂತೆ ಹೊದಿಸಿ, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಎದುರಿನ ಸೀಟಿನ ಹೆಂಗಸು, "ಮಗಳಾ?" ಎಂದು ಕೇಳಿದ್ದು ಕೇಳಿಸಿತು. ಅತ್ತೆ ಹೌದು ಎಂದರು. ಅಂಥ ಸುಳ್ಳಿಗೆ ನಾನು ಬೇರೆ ದಿನವಾಗಿದ್ದರೆ ಏನಾದರೂ ಅನ್ನದೆ ಬಿಡುತ್ತಿರಲಿಲ್ಲ.

ಬೆಂಗಳೂರಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿ ಮೆದುಳಿಗೆ ಪೆಟ್ಟಾಗಿ ರಕ್ತ ಕಟ್ಟಿದ್ದ ಗುರುತನ್ನು ತೋರಿಸಿದರು. ರಕ್ತ ತಾನೇ ಕರಗುತ್ತಿದೆ, ಆಪರೇಷನ್ ಬೇಕಾಗಿಲ್ಲ ಎಂದರು. ಆ ಜಾಗಕ್ಕೆ ಪೆಟ್ಟಾದರೆ ಮನುಷ್ಯರ ಸ್ವಭಾವವೇ ಬದಲಾದಂತೆ ಕಾಣುತ್ತದಂತೆ. ಕೆಲವರು ವಿಪರೀತ ಸಿಟ್ಟಿನವರಾಗುತ್ತಾರೆ, ಕೆಲವರು ಹೀಗೆ ಮಂಕಾಗುತ್ತಾರೆ. ವಾಸನೆಯ ನರಗಳು ಅಲ್ಲೇ ಹಾದುಹೋಗುವುದರಿಂದ ಅವೂ ಹರಿದಿರಬಹುದು.

"ತಲೆ ಒಡೆದೇ ಇಲ್ವಲ್ಲ ಸ್ವಾಮಿ" ಎಂದರು ಅತ್ತೆ.

"ಬುರುಡೆ ಗಟ್ಟಿ ಅಜ್ಜಿ. ಒಳಗಿರೋ ಮೆದುಳು ಮೆತ್ತಗೆ. ಕಾರು ನಿಂತರೂ ಅದು ನಿಲ್ಲಲ್ಲ, ಮುಂದಕ್ಕೆ ಹೋಗಿ ಬಡೀತದೆ."

"ಚಿಪ್ಪೊಳಗೆ ಒಣಗಿದ ಉಂಡೆಕೊಬ್ಬರಿ ಥರ ಒಳಗೇ ಅಲ್ಲಾಡೈತೆ ಅನ್ನಿ."

ಡಾಕ್ಟರು ನಕ್ಕರು. ಅವರಿಗೆ ನಮ್ಮ ಕಡೆಯ ಕೊಬ್ಬರಿ ಗೊತ್ತಿರಬೇಕು. "ಹಾಗೇ ಅನ್ಕೊಳ್ಳಿ. ಆದ್ರೆ ಇದು ಒಣಗಿದ್ದಲ್ಲ, ಹಸಿ. ಸಮಯ ಕೊಟ್ಟರೆ ಸುಧಾರಿಸ್ತದೆ."

ಎಷ್ಟು ಸಮಯ ಎಂದು ಅವರು ಹೇಳಲಿಲ್ಲ. ತಿಂಗಳುಗಳು, ವರ್ಷವೂ ಆಗಬಹುದು, ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು. ನಿದ್ದೆ ಚೆನ್ನಾಗಿ ಮಾಡಿಸಿ, ಬಿಸಿಲು ಗದ್ದಲ ತಪ್ಪಿಸಿ, ಒಂದು ಸಲಕ್ಕೆ ಒಂದೇ ಕೆಲಸ ಕೊಡಿ, ಮರೆತರೆ ಗದರಬೇಡಿ ಎಂದರು. ಹೊರಡುವಾಗ ಯಜಮಾನರಿಗೆ ಇನ್ನೊಂದು ಮಾತು ಹೇಳಿದರು: ತಲೆಗೆ ಪೆಟ್ಟಾದವರಿಗೆ ತಲೆನೋವು ಹೆಚ್ಚುತ್ತಾ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಎಬ್ಬಿಸಿದರೂ ಏಳದಂತೆ ಮಂಪರು ಬಂದರೆ, ಮಾತು ತೊದಲಿದರೆ, ಒಂದು ಕೈಕಾಲಿನ ಬಲ ಕಮ್ಮಿಯಾದರೆ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ತರಬೇಕು. ನಮಗೆ ಹಾಗಾಗದೆ ಉಳಿದದ್ದು ಅದೃಷ್ಟ.

ಮನೆಯಲ್ಲಿ ಎಲ್ಲರೂ ಬದಲಾದರು. ಯಜಮಾನರು ರೇಡಿಯೋದ ಸದ್ದು ತಗ್ಗಿಸಿದರು. ಮಿಕ್ಸಿಯನ್ನು ಹಿತ್ತಲ ಕೋಣೆಗೆ ಒಯ್ದರು. ಸಂಜೆ ನನ್ನ ಪಕ್ಕ ಕೂತು ಧಾರಾವಾಹಿಯನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು. ನಾಯಕಿ ಅಳುವ ಕಡೆಗಳಲ್ಲಿ ಅವರ ದನಿ ಸಂಕೋಚದಿಂದ ಸಣ್ಣದಾಗುತ್ತಿತ್ತು. ಹತ್ತು ಮಾತಿಗೆ ಒಂದು ಉತ್ತರ ಕೊಡುತ್ತಿದ್ದ ಮನುಷ್ಯ, ನಾನು ಮರೆತ ಕತೆಯನ್ನು ಬೇಸರಿಸದೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಮಗಳು ನನ್ನ ಜೊತೆ ಏಳೇಳು ಕಳೆಯುವ ಆಟ ಆಡುತ್ತಿದ್ದಳು. ನಾನು ತಪ್ಪಿದರೆ ತಾನೂ ಬೇಕೆಂದೇ ತಪ್ಪುತ್ತಿದ್ದಳು.

ಕಷ್ಟವಾದದ್ದು ಅತ್ತೆಗೆ. ಗದರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವರು ವ್ರತದಂತೆ ಹಿಡಿದರು. ನಾನು ಹಾಲು ಉಕ್ಕಿಸಿದರೆ, ಅನ್ನಕ್ಕೆ ನೀರು ಮರೆತರೆ, ಅವರ ಬಾಯಿ ತೆರೆಯುವುದು, ಮುಚ್ಚುವುದು. ಆಮೇಲೆ ಸರಸರನೆ ಕೊಟ್ಟಿಗೆಗೆ ಹೋಗಿ ಹಸುವನ್ನು ಬೈಯುತ್ತಿದ್ದರು. "ಕಣ್ಣು ಕಾಣಾಕಿಲ್ವಾ ನಿಂಗೆ? ಹಾಲು ಒಲೆ ಮೇಲಿಟ್ಟು ಎಲ್ಲಿ ನೋಡ್ತಾ ನಿಂತ್ಕತೀಯಾ?" ಹಸು ಮೇವು ಮೆಲ್ಲುತ್ತ ಕೇಳಿಸಿಕೊಳ್ಳುತ್ತಿತ್ತು. ಒಳಗೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಂದು ದಿನ ಅವಳ ನಗು ನೋಡಿ ನನಗೂ ನಗು ಬಂತು. ಬಾಯಿಂದ ಬಂದ ಆ ಸದ್ದು ನನಗೇ ಹೊಸದಾಗಿ ಕೇಳಿಸಿತು.

ಹೀಗೆ ಸ್ವಲ್ಪ ಸ್ವಲ್ಪವೇ. ಒಂದು ವಾರ ಚೆನ್ನಾಗಿದ್ದರೆ ಇನ್ನೊಂದು ವಾರ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದೆ. ಮಂಕು ಹರಿಯುತ್ತ ಬಂದಂತೆ ಅಳು ಶುರುವಾಯಿತು. ನನಗೆ ಏನಾಗಿತ್ತೆಂದು ನಿಜವಾಗಿ ತಿಳಿದದ್ದು ಆಗಲೇ. ಕೂತಲ್ಲಿ ನಿಂತಲ್ಲಿ ಅಳುತ್ತಿದ್ದೆ. ಅತ್ತೆ ಏನೂ ಕೇಳದೆ ಪಕ್ಕದಲ್ಲಿ ಕೂತು ತಲೆಗೆ ಎಣ್ಣೆ ಒತ್ತುತ್ತಿದ್ದರು. ನಮ್ಮದೇ ಕೊಬ್ಬರಿಯ ಎಣ್ಣೆ. ಅದರ ಪರಿಮಳ ನನಗೆ ಸಿಗುತ್ತಿರಲಿಲ್ಲ, ಅವರ ಬೆರಳಿನ ಬಿಸಿ ಸಿಗುತ್ತಿತ್ತು.

ಮುಂದಿನ ವರ್ಷ ಹುಣಸೆಹಣ್ಣು ಕುಟ್ಟುವ ಕಾಲಕ್ಕೆ ಎದುರುಮನೆಯಾಕೆ ಬಂದು ಜಗಲಿಯಲ್ಲಿ ಕೂತಿದ್ದಳು. ಅತ್ತೆ ಬೀಜ ಬಿಡಿಸುತ್ತ ಅವಳಿಗೆ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಮೊಮ್ಮಗಳ ಮಾತೆತ್ತಿ, "ಈ ಮಗೀನ ನಾನೇ ಸಾಕ್ದೆ ಕಣವ್ವ, ಹೆತ್ತಂಗೆ ಸಾಕ್ದೆ" ಎಂದರು. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಬಾಯಿಂದ, ಯೋಚಿಸುವ ಮೊದಲೇ, ಮಾತು ಹೊರಬಿತ್ತು:

"ಹಂಗಾದ್ರೆ ಹೆತ್ತೋಳು ಯಾರೋ? ಆ ನೋವು ತಿಂದೋಳು ಯಾರೋ?"

ಎದುರುಮನೆಯಾಕೆ ಇನ್ನೇನು ಕಾದಿದೆಯೋ ಎಂದು ಎದ್ದು ನಿಂತಳು. ಅತ್ತೆ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ದನಿ ತೆಗೆದು, "ಹೆತ್ತುಬುಟ್ರೆ ಆಯ್ತಾ? ನಿಮ್ಮ ಕಡೆಯೋರು ಹೆತ್ತು ಎಣ್ಣೆ ನೀರೂ ಹಾಕಲ್ಲ" ಎಂದು ಶುರುಮಾಡಿದರು. ನಾನೂ ಬಿಡಲಿಲ್ಲ. ಎಷ್ಟು ಹೊತ್ತು ನಡೆಯಿತೋ. ಕೊನೆಗೆ ನನಗೆ ತಲೆನೋವು ಬಂದು ಚಾಪೆ ಹಾಕಿಕೊಂಡೆ. ಅತ್ತೆ ಗಾಬರಿಯಾಗಿ, "ಜಾಸ್ತಿ ಆಯ್ತೇನೇ? ನಿಲ್ಸು ಅಂದಿದ್ರೆ ನಿಲ್ಸ್ತಿದ್ದೆ" ಎಂದು ಒದ್ದೆ ಬಟ್ಟೆ ತಂದು ಹಣೆಗೆ ಹಾಕಿದರು. ತೋಟದಿಂದ ಬಂದ ಯಜಮಾನರಿಗೆ ಮಗಳು ಬಾಗಿಲಲ್ಲೇ ಸುದ್ದಿ ಮುಟ್ಟಿಸಿದಳು. ಅವರು ಒಳಗೆ ಬಂದು ನನ್ನ ಕಾಲ ಬಳಿ ಕೂತರು.

ನಾನು ಪೂರ್ತಿ ಮೊದಲಿನಂತಾದೆ ಎಂದರೆ ಸುಳ್ಳಾಗುತ್ತದೆ. ವಾಸನೆ ಬರಲೇ ಇಲ್ಲ. ಛತ್ರದ ಗದ್ದಲದಲ್ಲಿ ಈಗಲೂ ಹೆಚ್ಚು ಹೊತ್ತು ಕೂರಲಾರೆ. ದಣಿದಾಗ ಒಂದೊಂದು ಪದ ನಾಲಿಗೆಯ ತುದಿಗೆ ಬಂದು ಜಾರಿಹೋಗುತ್ತದೆ. ಮನೆಗೆ ಗ್ಯಾಸ್ ಒಲೆ ಬಂದ ಮೇಲೆ, ಸೋರಿದರೆ ನನಗೆ ತಿಳಿಯುವುದಿಲ್ಲವೆಂದು, ಬೆಳಿಗ್ಗೆ ಅತ್ತೆಯೇ ಮೊದಲು ಅಡುಗೆಮನೆಗೆ ಹೋಗಿ, ಮೂಗೆಳೆದು ನೋಡಿ, "ಬಾರೇ" ಎಂದು ಕೂಗುತ್ತಿದ್ದರು.

ಕೆಲವು ವರ್ಷಗಳ ಮೇಲೆ, ತುರುವೇಕೆರೆಯಲ್ಲಿ ಅಂಗಡಿಯಿಟ್ಟಿದ್ದ ನಮ್ಮ ದೂರದ ನೆಂಟರೊಬ್ಬರ ಕಾರು ಉರುಳಿತು. ಮೈಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ. ಆದರೆ ಆಮೇಲೆ ಅವರು ಗಿರಾಕಿಗಳ ಮೇಲೆ ರೇಗುತ್ತಾರೆ, ತೂಕದ ಕಲ್ಲು ಎಸೆಯುತ್ತಾರೆ, ಹೆಂಡತಿಯ ಮೇಲೆ ಕೈ ಎತ್ತುತ್ತಾರೆ ಎಂದು ಸುದ್ದಿ ಬಂತು. ಕುಡಿತ ಕಲಿತಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಅತ್ತೆ ಎಲೆ ಜಗಿಯುವುದನ್ನು ನಿಲ್ಲಿಸಿ, "ನಡಿಯೇ, ಹೋಗಿ ನೋಡ್ಕಂಡ್ ಬರಾನ" ಎಂದರು. ಆಗ ಅವರಿಗೆ ಮೊಣಕಾಲು ಬಗ್ಗುತ್ತಿರಲಿಲ್ಲ. ಆದರೂ ಬಸ್ಸು ಹತ್ತಿದರು.

ಆ ಮನುಷ್ಯ ಒಳಗೆ ಕಿಟಕಿ ಮುಚ್ಚಿಕೊಂಡು ಮಲಗಿದ್ದರು. ಹೆಂಡತಿ ನಮಗೆ ನೀರು ಕೊಟ್ಟು, ಬಾಗಿಲ ಬಳಿ ಕೂತಳು. ಅತ್ತೆ ಅವಳನ್ನು ಒಂದೇ ಮಾತು ಕೇಳಿದರು: "ಮೊದ್ಲು ಹಿಂಗಿದ್ನಾ?"

ಆ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಮದುವೆಯಾದಾಗಿನಿಂದ ಗಟ್ಟಿಯಾಗಿ ಮಾತೂ ಆಡಿದವರಲ್ಲ ಎಂದಳು. ಕುಡಿಯುವುದೂ ಇಲ್ಲವಂತೆ, ಅವಳು ಬಾಯಿ ಮೂಸಿ ನೋಡಿದ್ದಳಂತೆ. ನಾನು ಅವಳ ಪಕ್ಕಕ್ಕೆ ಜರುಗಿ ಕೂತು ನನ್ನ ಕತೆ ಹೇಳಿದೆ. ಬೆಳಕು ಚುಚ್ಚುವುದು, ಸದ್ದು ತಲೆಯೊಳಗೆ ಬಡಿಯುವುದು, ಬೇರೆ ಯಾರೋ ಆಗಿಬಿಡುವುದು. ಪೆಟ್ಟು ಬಿದ್ದ ಜಾಗದಲ್ಲಿ ನನಗೆ ಮಂಕು ಬಂದಂತೆ ಅವರಿಗೆ ಸಿಟ್ಟು ಬಂದಿರಬಹುದು, ಬೆಂಗಳೂರಿಗೆ ಕರೆದುಕೊಂಡು ಹೋಗು, ಅಲ್ಲಿಯವರೆಗೆ ರೇಗಿದಾಗ ಎದುರಿಗೆ ನಿಲ್ಲಬೇಡ, ಒಬ್ಬಳೇ ಇರಬೇಡ ಎಂದೆ. ಅವಳು ಕೇಳುತ್ತ ಕೇಳುತ್ತ ಬಿಕ್ಕತೊಡಗಿದಳು.

"ನಾನು ಬೇಡವಾದೆ ಅಂದ್ಕಂಡಿದ್ದೆ ಅಕ್ಕಾ" ಎಂದಳು. "ಅವರಿಗೆ ನಾನು ಬೇಡವಾದೆ ಅಂತ."

ಅತ್ತೆ ಅವಳ ಬೆನ್ನು ಸವರುತ್ತಿದ್ದರು. ಒಳಗಿಂದ ಆ ಮನುಷ್ಯ ನೀರು ಕೇಳಿದರು. ಅವಳು ಕಣ್ಣೊರೆಸಿಕೊಂಡು ಲೋಟ ತೆಗೆದುಕೊಂಡು ಹೋದಳು. ಕಿಟಕಿ ತೆಗೆಯಬೇಡ ಎಂದು ನಾನು ಸನ್ನೆ ಮಾಡಿದೆ. ಅವಳು ತೆಗೆಯಲಿಲ್ಲ. ಆ ತಿಂಗಳಲ್ಲೇ ಅವಳ ಅಣ್ಣ ಇಬ್ಬರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದ. ಮಾತ್ರೆ ಕೊಟ್ಟರು, ಸಿಟ್ಟು ಎಷ್ಟೋ ಇಳಿಯಿತು. ಅಂಗಡಿಯನ್ನು ಅವಳು ನೋಡಿಕೊಳ್ಳುತ್ತಾಳೆ, ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಪೊಟ್ಟಣ ಕಟ್ಟುತ್ತಾರೆ.

ಅವತ್ತು ತುರುವೇಕೆರೆಯಿಂದ ವಾಪಸು ಬರುವಾಗ ಸಂತೆ ದಿನವಾದ್ದರಿಂದ ಬಸ್ಸು ತುಂಬಿತ್ತು. ಕಂಡಕ್ಟರ್ ಅತ್ತೆಗೆ ಹೇಗೋ ಒಂದು ಸೀಟು ಮಾಡಿಕೊಟ್ಟ. ನಾನು ಕಂಬಿ ಹಿಡಿದು ನಿಂತೆ. ಅತ್ತೆ ಪಕ್ಕದವಳನ್ನು ಒತ್ತಿ, ತಾವೂ ಒತ್ತಿಕೊಂಡು, ಒಂದು ಗೇಣು ಜಾಗ ಮಾಡಿ ಅದನ್ನು ಕೈಯಿಂದ ತಟ್ಟಿದರು. ಅಷ್ಟು ಜಾಗದಲ್ಲಿ ಯಾರು ಕೂರುತ್ತಾರೆ ಎಂದೆ. "ಕೂತ್ಕೊಳೇ ಸುಮ್ನೆ" ಎಂದು ನನ್ನ ಸೀರೆ ಹಿಡಿದೆಳೆದರು. ಅರ್ಧ ಸೀಟಿನ ಮೇಲೆ, ಅರ್ಧ ಅವರ ಮೇಲೆ ಕೂತು ಊರಿನವರೆಗೂ ಬಂದೆ.